ಹಳೆಯ ಟ್ರಾಕ್ಟರಿಗೊಂದು ಚಾವಣಿ

ನಮ್ಮ ಕಡೆ ಮನೆ ಕಟ್ಟುವಾಗ ಬಡಗಿ ಮೊದಲು ಕೇಳುವುದು ಬಾಗಿಲ ಕೆತ್ತನೆಯ ವಿಚಾರವನ್ನಲ್ಲ. ‘ಅಟ್ಟಕ್ಕೆ ಎಷ್ಟು ಸಾವಿರ ಕಾಯಿ ಹಾಕ್ತೀರಿ?’ ಎಂದು ಕೇಳುತ್ತಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಕಿತ್ತ ಕೂಡಲೇ ಮಾರಿ ಕೈತೊಳೆದುಕೊಳ್ಳುವ ಪದಾರ್ಥವಲ್ಲ. ಸಿಪ್ಪೆ ಸಮೇತ ಅಟ್ಟ ಹತ್ತಿ, ಹತ್ತು ಹನ್ನೊಂದು ತಿಂಗಳು ಅಲ್ಲೇ ಕುಳಿತು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಎನ್ನತೊಡಗಿದ ಮೇಲೆ ಅದು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೊರಡುತ್ತದೆ. ಕಾಯಿಗೆ ಒಂದು ಕಿಲೋ ಎಂದಿಟ್ಟುಕೊಂಡರೂ ಹತ್ತು ಸಾವಿರ ಕಾಯಿ ಎಂದರೆ ಹತ್ತು ಟನ್. ಆ ಹತ್ತು ಟನ್ನಿನ ಕೆಳಗೆ ಮನೆಯವರು ಉಣ್ಣುತ್ತಾರೆ, ಮಕ್ಕಳು ಓದುತ್ತಾರೆ, ಅಜ್ಜಿ ನಿದ್ದೆ ಮಾಡುತ್ತಾಳೆ. ತೊಲೆ ಎಷ್ಟು ದಪ್ಪ, ಕಂಬಕ್ಕೂ ಕಂಬಕ್ಕೂ ಎಷ್ಟು ಅಂತರ ಎಂಬುದೆಲ್ಲ ಬಡಗಿಯ ಆ ಒಂದು ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಮನೆಯ ಅಟ್ಟಕ್ಕೆ ತಪ್ಪದೆ ಕೇಳುವ ಈ ಪ್ರಶ್ನೆಯನ್ನು ಟ್ರಾಕ್ಟರಿನ ಚಾವಣಿಗೆ ಕೇಳುವವರು ಕಡಿಮೆ. ಅದು ಯಾವ ಭಾರ ಹೊರಬೇಕು? ಬಿಸಿಲನ್ನೋ, ಬೀಳುವ ಗರಿಯನ್ನೋ ಅಥವಾ ಮಗುಚಿದ ಟ್ರಾಕ್ಟರನ್ನೇ ಹೊರಬೇಕೋ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಹಳೆಯ ಚಾವಣಿ ಮುರಿದಾಗ. ಉತ್ತರ ಹುಡುಕಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಓದುವ ಮಕ್ಕಳಿಗೂ, ಅವರ ಕೈಗೆ ಟ್ರಾಕ್ಟರಿನ ಬೀಗದ ಕೈ ಕೊಡುವ ತಂದೆ ತಾಯಿಯರಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಕೆಂಕೆರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿಗೆ ಹತ್ತಿರ. ನಾನು ತುಮಕೂರು ಸೇರಿ ಬಹಳ ಕಾಲವಾಯಿತು. ತೋಟ ನೋಡಿಕೊಳ್ಳುವುದು ಅಣ್ಣ. ಅವನ ಬಳಿ ಇರುವುದು 35 ಅಶ್ವಶಕ್ತಿಯ ಹಳೆಯ ಎಚ್.ಎಂ.ಟಿ. ಟ್ರಾಕ್ಟರು. ಎಚ್.ಎಂ.ಟಿ. ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ತುಮಕೂರಿನ ಗಡಿಯಾರ ಕಾರ್ಖಾನೆ. ಕೈಗಡಿಯಾರ ಮಾಡುತ್ತಿದ್ದ ಅದೇ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಅಂದಿನ ಜೆಕೊಸ್ಲೊವಾಕಿಯದ ಜೆಟರ್ ವಿನ್ಯಾಸದ ಟ್ರಾಕ್ಟರುಗಳನ್ನು ತಯಾರಿಸತೊಡಗಿತು. 2016ರಲ್ಲಿ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಊರೂರುಗಳಲ್ಲಿ ಆ ಟ್ರಾಕ್ಟರುಗಳು ಓಡುತ್ತಲೇ ಇವೆ. ನಮ್ಮದೂ ಹಾಗೆಯೇ. ಎಂಜಿನ್ನಿಗೆ ಏನೂ ಆಗಿಲ್ಲ, ಹೊಸ ಟ್ರಾಕ್ಟರು ಕೊಳ್ಳುವ ಶಕ್ತಿ ನಮಗಿಲ್ಲ.

ಅದಕ್ಕಿದ್ದ ಚಾವಣಿ ಎಂದೋ ಸ್ಥಳೀಯವಾಗಿ ಮಾಡಿಸಿದ್ದು. ಕೊಳವೆಯ ನಾಲ್ಕು ಕಾಲು, ಮೇಲೊಂದು ತಗಡು. ಒಂದು ಬೇಸಿಗೆಯ ಮಧ್ಯಾಹ್ನ ಗಾಳಿಗೆ ಒಣಗಿದ ಗರಿಯೊಂದು ಮಟ್ಟೆ ಸಮೇತ ಅದರ ಮೇಲೆ ಬಿತ್ತು. ಹಿಂದಿನ ಎರಡು ಕಾಲು ಬುಡದಲ್ಲೇ ಮುರಿದು ಚಾವಣಿ ಸೀಟಿನ ಮೇಲೆ ಕುಸಿಯಿತು. ಆಗ ಸೀಟಿನಲ್ಲಿ ಯಾರೂ ಇರಲಿಲ್ಲ. ಮುರಿದ ಜಾಗ ನೋಡಿದರೆ ಕೊಳವೆ ಒಳಗಿಂದಲೇ ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು.

ಅಣ್ಣನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾನೆ. ಶನಿವಾರ ಸಂಜೆ ಊರಿಗೆ ಬಂದರೆ ಭಾನುವಾರವೆಲ್ಲ ಅವನೇ ಟ್ರಾಕ್ಟರು ಹೊಡೆಯುವುದು. ಮಗಳು ಪ್ರಥಮ ಪಿ.ಯು.ಸಿ. ವಿಜ್ಞಾನ. ಅಣ್ಣನಿಗೆ ಕಡಿಮೆ ಖರ್ಚಿನ ಚಾವಣಿ ಬೇಕು, ಅತ್ತಿಗೆಗೆ ಗಟ್ಟಿಯಾದದ್ದು ಬೇಕು. ಮಗನಿಗೆ ಕಪ್ಪು ಬಣ್ಣ ಬಳಿದ ದಪ್ಪ ಕೊಳವೆಯದು, ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡುವಂಥದ್ದು ಬೇಕು. ನನ್ನನ್ನು ಕರೆದದ್ದು ಪಂಚಾಯ್ತಿಗೆ.

ಎರಡು ಬಗೆ

ವಿಚಾರಿಸುತ್ತ ಹೋದಂತೆ ಮೊದಲು ಸ್ಪಷ್ಟವಾದ ಸಂಗತಿ, ಚಾವಣಿ ಎಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ವಸ್ತುಗಳನ್ನು ಕರೆಯುತ್ತಿದ್ದೇವೆ ಎಂಬುದು. ಒಂದು, ನೆರಳಿನ ಚಾವಣಿ. ಬಿಸಿಲು, ತುಂತುರು ಮಳೆ, ಹೆಚ್ಚೆಂದರೆ ಒಂದು ಗರಿ ತಡೆದರೆ ಅದರ ಕೆಲಸ ಮುಗಿಯಿತು. ಇನ್ನೊಂದು, ಟ್ರಾಕ್ಟರು ಮಗುಚಿದಾಗ ಚಾಲಕನ ಸುತ್ತ ಜಾಗ ಉಳಿಸಿಕೊಡುವ ರಕ್ಷಣಾ ಚೌಕಟ್ಟು. ಇಂಗ್ಲಿಷಿನಲ್ಲಿ ಇದನ್ನು ‘ರೋಲ್ ಓವರ್ ಪ್ರೊಟೆಕ್ಟಿವ್ ಸ್ಟ್ರಕ್ಚರ್’, ಚಿಕ್ಕದಾಗಿ ‘ರಾಪ್ಸ್’ ಎನ್ನುತ್ತಾರೆ. ಸೀಟಿನ ಹಿಂದೆ ಕಮಾನಿನಂತೆ ಎದ್ದು ನಿಂತ ಎರಡು ಕಾಲಿನದು ಒಂದು ರೀತಿ, ನಾಲ್ಕು ಕಾಲಿನದು ಇನ್ನೊಂದು. ದೂರದಿಂದ ನೋಡಿದರೆ ಎರಡು ಬಗೆಯೂ ಕಬ್ಬಿಣದ ಕಂಬಗಳೇ. ಆದರೆ ಹೊರುವ ಭಾರದಲ್ಲಿ ಅಜಗಜಾಂತರ.

ರಕ್ಷಣಾ ಚೌಕಟ್ಟನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಪದ್ಧತಿಯಿದೆ. ಹಿಂದಿನಿಂದ ಒತ್ತುತ್ತಾರೆ, ಪಕ್ಕದಿಂದ ಒತ್ತುತ್ತಾರೆ, ಮೇಲಿನಿಂದ ಟ್ರಾಕ್ಟರಿನ ತೂಕದ ಸುಮಾರು ಎರಡರಷ್ಟು ಬಲ ಹಾಕಿ ಅದುಮುತ್ತಾರೆ. ಇಷ್ಟಾದರೂ ಚಾಲಕ ಕೂರುವ ಜಾಗದೊಳಕ್ಕೆ ಕಬ್ಬಿಣ ನುಗ್ಗಕೂಡದು. ಪಕ್ಕದ ಒತ್ತುವಿಕೆಯಲ್ಲಿ ಟ್ರಾಕ್ಟರಿನ ಪ್ರತಿ ಕಿಲೋ ತೂಕಕ್ಕೆ 1.75 ಜೂಲ್ ಶಕ್ತಿಯನ್ನು ಚೌಕಟ್ಟು ನುಂಗಿಕೊಳ್ಳಬೇಕು. ಟ್ರಾಕ್ಟರು 1,800 ಕಿಲೋ ತೂಗಿದರೆ 3,150 ಜೂಲ್ ಆಯಿತು.

ಜೂಲ್ ಲೆಕ್ಕ ನಮ್ಮವರಿಗೆ ಅರ್ಥವಾಗಲೆಂದು ಪಿ.ಯು.ಸಿ. ಹುಡುಗಿ ಅದನ್ನು ತೆಂಗಿನಕಾಯಿಗೆ ಇಳಿಸಿದಳು. 15 ಮೀಟರ್ ಎತ್ತರದ ಮರದಿಂದ ಒಂದೂವರೆ ಕಿಲೋ ಕಾಯಿ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿರುವುದು ಸುಮಾರು 220 ಜೂಲ್. ಅಂಥ ಹದಿನಾಲ್ಕು ಕಾಯಿಗಳು ಒಂದೇ ಏಟಿಗೆ ಒಂದೇ ಕಡೆ ಬಡಿದಷ್ಟು ಶಕ್ತಿಯನ್ನು ಆ ಕಂಬಗಳು ತಡೆಯಬೇಕು. ‘ನಮ್ಮ ಚಾವಣಿ ಒಂದು ಗರಿಗೇ ಬಿತ್ತಲ್ಲ!’ ಎಂದಳು ಅತ್ತಿಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೌಕಟ್ಟು ಕಲ್ಲಿನಂತೆ ಬಿರುಸಾಗಿದ್ದರೆ ಸಾಲದು, ಬಾಗಲೂ ಬೇಕು. ಬಾಗುವ ಕಬ್ಬಿಣ ಏಟಿನ ಶಕ್ತಿಯನ್ನು ನುಂಗುತ್ತದೆ. ಬಾಗದ ಕಬ್ಬಿಣ ಬೆಸುಗೆಯಲ್ಲಿ ಸೀಳುತ್ತದೆ, ಇಲ್ಲವೆ ಬುಡದ ಬೋಲ್ಟನ್ನು ಕಿತ್ತುಕೊಂಡು ಬರುತ್ತದೆ. ಆದ್ದರಿಂದಲೇ ಒಮ್ಮೆ ಮಗುಚಿ ಬಾಗಿದ ಚೌಕಟ್ಟನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವಂತಿಲ್ಲ. ಪರೀಕ್ಷೆಯಾದ ಚೌಕಟ್ಟಿಗೆ ತೂತು ಕೊರೆಯುವುದು, ಪಟ್ಟಿ ಬೆಸೆಯುವುದು ಕೂಡ ನಿಷಿದ್ಧ.

ಮುಕ್ಕಾಲು ಸೆಕೆಂಡು

‘ಹುಷಾರಾಗಿ ಹೊಡೆದರೆ ಯಾಕೆ ಮಗುಚುತ್ತೆ? ಮಗುಚುವ ಹಾಗಾದರೆ ಹಾರಿಕೊಂಡರಾಯಿತು’ ಎಂದ ಅಣ್ಣನ ಮಗ. ಇಪ್ಪತ್ತರ ಹುಡುಗರು ಎಲ್ಲ ಊರಿನಲ್ಲೂ ಆಡುವ ಮಾತಿದು.

ಟ್ರಾಕ್ಟರು ಎರಡು ರೀತಿ ಮಗುಚುತ್ತದೆ. ಪಕ್ಕಕ್ಕೆ ಹೊರಳುವುದು ಒಂದು. ಬದುವಿನ ಅಂಚು, ಕೆರೆ ಏರಿ, ಕಾಲುವೆ ಪಕ್ಕದ ಸಡಿಲ ಮಣ್ಣು ಇದಕ್ಕೆ ಜಾಗ. ಇನ್ನೊಂದು, ಮುಂದಿನ ಗಾಲಿ ಮೇಲೆದ್ದು ಹಿಂದಕ್ಕೆ ಬೀಳುವುದು. ಹಿಂದಿನ ಗಾಲಿ ತಿರುಗಲಾರದೆ ಸಿಕ್ಕಿಕೊಂಡಾಗ ಎಂಜಿನ್ನಿನ ಬಲ ಸುಮ್ಮನೆ ಕೂರುವುದಿಲ್ಲ. ಗಾಲಿಯನ್ನು ತಿರುಗಿಸಲಾಗದಿದ್ದರೆ ಟ್ರಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸತೊಡಗುತ್ತದೆ. ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಇನ್ನು ತಡೆಯಲಾಗದು ಎಂಬ ಹಂತ ಮುಟ್ಟಲು ಸುಮಾರು ಮುಕ್ಕಾಲು ಸೆಕೆಂಡು ಸಾಕು. ಏನೋ ಆಗುತ್ತಿದೆ ಎಂದು ತಿಳಿದು, ಕಾಲು ಕ್ಲಚ್ಚಿನ ಮೇಲೆ ಹೋಗುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ. ಹಾರಿಕೊಳ್ಳುವ ಮಾತು ಎಲ್ಲಿ ಬಂತು?

ಹಿಂದಕ್ಕೆ ಮಗುಚುವ ಈ ಕಾಯಿಲೆ ಟ್ರಾಕ್ಟರಿನಷ್ಟೇ ಹಳೆಯದು. ಸುಮಾರು ನೂರು ವರ್ಷದ ಹಿಂದಿನ ಫೋರ್ಡ್‌ಸನ್ ಟ್ರಾಕ್ಟರುಗಳ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದರೆ ಮುಂಭಾಗ ಕುದುರೆಯಂತೆ ಮೇಲೇಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಮೂರು ಕಡೆ ಜೋಡಿಸುವ ಕೊಂಡಿಯನ್ನು ರೂಪಿಸಿದಾಗ ನೇಗಿಲಿನ ಎಳೆತವೇ ಮುಂದಿನ ಗಾಲಿಯನ್ನು ನೆಲಕ್ಕೆ ಒತ್ತುವಂತಾಯಿತು. ಇಂದು ಎಲ್ಲ ಟ್ರಾಕ್ಟರಿನ ಹಿಂದೆ ಕಾಣುವ ‘ತ್ರೀ ಪಾಯಿಂಟ್ ಲಿಂಕೇಜ್’ ಅದೇ. ಆದರೆ ಸರಪಣಿಯನ್ನು ಮನಸ್ಸಿಗೆ ಬಂದ ಕಡೆ ಕಟ್ಟಿ ಎಳೆದರೆ ಫರ್ಗ್ಯುಸನ್ನನ ಬುದ್ಧಿ ನಮಗೆ ದಕ್ಕುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಕೆರೆ ಏರಿಯಿಂದ ಟ್ರಾಕ್ಟರು ಉರುಳಿತ್ತು. ನೋಡಲು ಹೋದವರಲ್ಲಿ ನಾನೂ ಇದ್ದೆ. ಅದಕ್ಕೆ ಚಾವಣಿಯಿತ್ತು. ನಾಲ್ಕು ಕಾಲುಗಳೂ ಬೆಂಕಿಪೊಟ್ಟಣದಂತೆ ಮಡಚಿಹೋಗಿ, ತಗಡು ಸ್ಟೇರಿಂಗಿಗೆ ಅಂಟಿಕೊಂಡಿತ್ತು. ಚಾಲಕ ಉಳಿಯಲಿಲ್ಲ. ಆತನಿಗಿಂತ ಎರಡು ವರ್ಷಕ್ಕಷ್ಟೇ ಚಿಕ್ಕವನು ನಮ್ಮ ಹುಡುಗ.

ದೋಣಿಯ ಗೋಪುರ

ಈ ಚರ್ಚೆ ನಡೆದಿದ್ದಾಗ ಅಮೆರಿಕದಲ್ಲಿರುವ ನಮ್ಮ ಸೋದರತ್ತೆಯ ಮಗ ಫೋನಿನಲ್ಲಿ ನಗುತ್ತ ಹೇಳಿದ: ‘ನಿಮ್ಮದೇ ಸಮಸ್ಯೆ ನನ್ನದೂ.’ ಅವನ ಬಳಿ ಹಳೆಯದೊಂದು ಮೋಟಾರು ದೋಣಿಯಿದೆ. ಅಲ್ಲಿ ವೇಕ್‌ಬೋರ್ಡ್ ಎಂಬ ಆಟ. ಹಲಗೆಯೊಂದಕ್ಕೆ ಪಾದ ಬಿಗಿದುಕೊಂಡು, ದೋಣಿಗೆ ಕಟ್ಟಿದ ಹಗ್ಗ ಹಿಡಿದು, ಅದು ಎಬ್ಬಿಸುವ ಅಲೆಯ ಮೇಲೆ ಹಾರುವುದು. ಹಗ್ಗ ಎತ್ತರದಿಂದ ಎಳೆದರೆ ಹಾರಲು ಸುಲಭ. ಅದಕ್ಕಾಗಿ ದೋಣಿಯ ಮೇಲೆ ಅಲ್ಯುಮಿನಿಯಮ್ ಕೊಳವೆಯ ಕಮಾನೊಂದನ್ನು ನಿಲ್ಲಿಸುತ್ತಾರೆ. ಅದನ್ನು ಗೋಪುರ ಎನ್ನುತ್ತಾರಂತೆ. ಅವನ ಗೋಪುರ ಹಾಳಾಗಿ ಅಗ್ಗದ್ದೊಂದನ್ನು ಹುಡುಕುತ್ತಿದ್ದ. ದೋಣಿಯ ಅಗಲ ಅಳೆದು, ಬೋಲ್ಟು ಕೂರುವ ಜಾಗದ ಕೆಳಗೆ ಗಟ್ಟಿ ಆಸರೆ ಇದೆಯೇ ಎಂದು ತಡವಿ ನೋಡಿ ಆರಿಸಬೇಕು. ಒಬ್ಬ ಆಟಗಾರನನ್ನು ಎಳೆಯಲೆಂದು ಮಾಡಿದ ಅದಕ್ಕೆ ಗಾಳಿ ತುಂಬಿದ ದೊಡ್ಡ ಟ್ಯೂಬುಗಳನ್ನು ಕಟ್ಟಿ ಜನರನ್ನು ಎಳೆಯಬಾರದೆಂದು ತಯಾರಕರು ಎಚ್ಚರಿಸುತ್ತಾರೆ. ಟ್ಯೂಬು ನೀರಿನಲ್ಲಿ ಮುಳುಗಿ ಜಗ್ಗಿದರೆ ಭಾರ ಒಮ್ಮೆಲೇ ಏರುತ್ತದೆ.

ಅಲ್ಲಿಯೂ ಪ್ರಶ್ನೆ ಒಂದೇ: ಇದು ಯಾವ ಭಾರಕ್ಕೆ ಮಾಡಿದ್ದು? ಆದರೆ ಒಂದು ವಿಷಯದಲ್ಲಿ ದೋಣಿಗೂ ಟ್ರಾಕ್ಟರಿಗೂ ಎಣ್ಣೆ ಸೀಗೇಕಾಯಿ. ದೋಣಿಯ ಹಗ್ಗ ಎತ್ತರದಲ್ಲಿರಬೇಕು, ಟ್ರಾಕ್ಟರಿನ ಸರಪಣಿ ಆದಷ್ಟು ತಗ್ಗಿನಲ್ಲಿರಬೇಕು. ಅಣ್ಣನ ಮಗನಿಗೆ ಒಂದು ಆಲೋಚನೆಯಿತ್ತು. ದಪ್ಪ ಕೊಳವೆಯ ಚೌಕಟ್ಟು ಮಾಡಿಸಿದರೆ ಅದಕ್ಕೇ ಸರಪಣಿ ಹಾಕಿ ಒಣಗಿದ ತೆಂಗಿನ ಬೊಡ್ಡೆಗಳನ್ನು ಕೀಳಬಹುದು ಎಂದು. ಅವನ ತಂಗಿ ಪುಸ್ತಕ ತೆರೆದಳು. ಆ ಲೆಕ್ಕವನ್ನು ಓದುವ ಮಕ್ಕಳು ತಾವೂ ಮಾಡಿ ನೋಡಬಹುದು.

ಟ್ರಾಕ್ಟರಿನ ತೂಕ 1,800 ಕಿಲೋ ಎನ್ನೋಣ. ಅದರಲ್ಲಿ ಮುಂದಿನ ಗಾಲಿಗಳ ಮೇಲಿರುವುದು 700 ಕಿಲೋ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅಂತರ 1.9 ಮೀಟರ್. ಇವೆರಡನ್ನೂ ಗುಣಿಸಿದರೆ 1,330 ಕಿಲೋಗ್ರಾಂ-ಮೀಟರ್. ಟ್ರಾಕ್ಟರಿನ ಮುಂಭಾಗವನ್ನು ನೆಲಕ್ಕೆ ಹಿಡಿದಿಟ್ಟಿರುವ ತಿರುಗುಬಲ ಇದು. ಬೊಡ್ಡೆಯನ್ನು 900 ಕಿಲೋ ಬಲದಿಂದ ಎಳೆಯುತ್ತೀರಿ. ಸರಪಣಿ ನೆಲದಿಂದ 40 ಸೆಂಟಿಮೀಟರ್ ಎತ್ತರದ ಎಳೆಪಟ್ಟಿಯಲ್ಲಿದ್ದರೆ ಹಿಂದಕ್ಕೆ ಮಗುಚುವ ತಿರುಗುಬಲ 360. ಭಯವಿಲ್ಲ, ಮುಂದಿನ ಗಾಲಿಗಳ ಮೇಲೆ ಇನ್ನೂ 500 ಕಿಲೋಗೂ ಹೆಚ್ಚು ತೂಕ ಉಳಿದಿರುತ್ತದೆ. ಅದೇ ಸರಪಣಿಯನ್ನು ಎರಡು ಮೀಟರ್ ಎತ್ತರದ ಚೌಕಟ್ಟಿಗೆ ಕಟ್ಟಿ, ಅಷ್ಟೇ ಬಲದಿಂದ ಎಳೆಯಿರಿ. ತಿರುಗುಬಲ 1,800. ಹಿಡಿದಿಟ್ಟಿರುವುದು 1,330 ಮಾತ್ರ. ಉಳಿದದ್ದನ್ನು ಹೇಳಬೇಕಾಗಿಲ್ಲ.

ಹುಡುಗ ಎರಡು ಸಲ ಗುಣಿಸಿ ನೋಡಿದ. ಆಮೇಲೆ ಬೊಡ್ಡೆಯ ಮಾತೆತ್ತಲಿಲ್ಲ.

ನಮ್ಮೆದುರಿದ್ದ ದಾರಿಗಳು

ಮೊದಲನೆಯ ದಾರಿ, ಬೆಸುಗೆ ಅಂಗಡಿಯಲ್ಲಿ ದಪ್ಪ ಕೊಳವೆಯ ಚೌಕಟ್ಟು ಮಾಡಿಸುವುದು. ಹುಡುಗನ ಆಸೆಯೂ ಇದೇ. ಬೆಸುಗೆಯವರು ಕೆಲಸದಲ್ಲಿ ಪಳಗಿದವರು, ಪ್ರಾಮಾಣಿಕರು. ‘ಎಷ್ಟು ದಪ್ಪ ಬೇಕೋ ಹಾಕಿಕೊಡ್ತೀನಿ. ಆದರೆ ಮಗುಚಿದರೆ ತಡೆಯುತ್ತೆ ಅಂತ ನಾನು ಹೇಳಲಾರೆ’ ಎಂದುಬಿಟ್ಟರು. ದಪ್ಪ ಕೊಳವೆ ಕಣ್ಣಿಗೆ ಧೈರ್ಯ ಕೊಡುತ್ತದೆ. ಅದು ಹಿಂದಿನ ಅಚ್ಚಿಗೆ ಹೇಗೆ ಕೂರುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಪರೀಕ್ಷೆಯಿಲ್ಲದೆ ಯಾರೂ ಹೇಳಲಾರರು. ಮೇಲಾಗಿ ಅಷ್ಟು ಕಬ್ಬಿಣವನ್ನು ತಲೆಯ ಮೇಲೆ ಹೊತ್ತರೆ ಟ್ರಾಕ್ಟರಿನ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ಮಗುಚುವುದನ್ನು ತಡೆಯಲೆಂದು ಹಾಕಿದ್ದು ಮಗುಚಲು ಸಹಾಯ ಮಾಡಿದಂತೆ.

ಎರಡನೆಯದು, ಗುಜರಿಯಲ್ಲಿ ಬೇರೆ ಟ್ರಾಕ್ಟರಿನ ಹಳೆಯ ಚೌಕಟ್ಟು ಕೊಳ್ಳುವುದು. ಒಂದು ಕಡೆ ಸಿಕ್ಕಿತು ಕೂಡ. ಬಣ್ಣ ಹೊಸದು, ಬೆಲೆ ಕಡಿಮೆ. ಬಿಸಿಲಿಗೆ ಓರೆ ಹಿಡಿದು ನೋಡಿದರೆ ಒಂದು ಕಾಲಿನಲ್ಲಿ ಸಣ್ಣ ಅಲೆ ಕಾಣುತ್ತಿತ್ತು. ಬಾಗಿದ್ದನ್ನು ತಟ್ಟಿ ನೇರ ಮಾಡಿದ್ದು. ಅದು ಯಾರನ್ನೋ ಕಾಪಾಡಿ ತನ್ನ ಕೆಲಸ ಮುಗಿಸಿದ ಚೌಕಟ್ಟು ಇರಬೇಕು. ಕೈಮುಗಿದು ಬಂದೆವು.

ಮೂರನೆಯದು, ನಮ್ಮ ಮಾದರಿಗೇ ಪರೀಕ್ಷೆಯಾದ ಚೌಕಟ್ಟು. ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ನಿಮ್ಮ ಟ್ರಾಕ್ಟರಿನ ಕಂಪನಿ ಇನ್ನೂ ನಡೆಯುತ್ತಿದ್ದರೆ ಮಾರಾಟಗಾರರ ಬಳಿ ಮೊದಲು ಇದನ್ನೇ ಕೇಳಿ. ಭಾರತದ ಕಾರ್ಖಾನೆಗಳು ಅಮೆರಿಕಕ್ಕೆ ಕಳಿಸುವ ಟ್ರಾಕ್ಟರುಗಳಿಗೆ ಈ ಚೌಕಟ್ಟನ್ನೂ ಸೊಂಟಪಟ್ಟಿಯನ್ನೂ ಹಾಕಿಯೇ ಕಳಿಸುತ್ತವೆ. ಕೆಲಸ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ತೋಟದವರು ಮಡಚುವ ಚೌಕಟ್ಟನ್ನು ಕೇಳಬೇಕು. ಎಳೆಯ ತೆಂಗಿನ ಸಾಲಿನಲ್ಲಿ ಗರಿಗಳು ತಲೆಯ ಮಟ್ಟಕ್ಕೆ ಬಾಗಿರುತ್ತವೆ. ಎತ್ತರದ ಚೌಕಟ್ಟು ಅವನ್ನು ಹರಿಯುತ್ತದೆ, ಇಲ್ಲವೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಸಾಲಿನೊಳಗೆ ಮಡಚಿ, ಹೊರಗೆ ಬಂದ ಕೂಡಲೇ ಎತ್ತಿ ನಿಲ್ಲಿಸಬೇಕು. ಚೌಕಟ್ಟು ನಿಂತಿರುವಾಗ ಸೊಂಟಪಟ್ಟಿ ಕಡ್ಡಾಯ. ಪಟ್ಟಿ ಇಲ್ಲದಿದ್ದರೆ ಚಾಲಕ ಹೊರಗೆ ಎಸೆಯಲ್ಪಟ್ಟು ಅದೇ ಚೌಕಟ್ಟಿನ ಕೆಳಗೆ ಸಿಕ್ಕಬಹುದು. ಚೌಕಟ್ಟು ಮಡಚಿದ್ದಾಗ, ಅಥವಾ ಇಲ್ಲದೇ ಇರುವಾಗ, ಪಟ್ಟಿ ಕಟ್ಟಬಾರದು.

ನಮ್ಮದು ಕಾರ್ಖಾನೆ ಮುಚ್ಚಿದ ಟ್ರಾಕ್ಟರು. ನಾವು ವಿಚಾರಿಸಿದ ಕಡೆಯೆಲ್ಲ ಈ ಮಾದರಿಗೆ ಪರೀಕ್ಷೆಯಾದ ಚೌಕಟ್ಟು ದೊರೆಯಲಿಲ್ಲ. ಬೇರೆ ಮಾದರಿಯದನ್ನು ತಂದು ಪಟ್ಟಿ ಬೆಸೆದು ಕೂರಿಸಿದರೆ ಅದರ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ.

ನಾವು ಮಾಡಿದ್ದು

ಕೊನೆಗೆ ಅಣ್ಣ ತೀರ್ಮಾನ ಹೇಳಿದ: ‘ಚಾವಣಿ ನೆರಳಿಗೆ ಮಾತ್ರ. ಅದಕ್ಕೆ ಎಷ್ಟು ಬೇಕೋ ಅಷ್ಟೇ ಖರ್ಚು. ಉಳಿದ ದುಡ್ಡು ಟ್ರಾಕ್ಟರು ಮಗುಚದ ಹಾಗೆ ನೋಡಿಕೊಳ್ಳೋದಕ್ಕೆ.’ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅಂಥ ಒಂದು ಕ್ವಿಂಟಾಲಿನ ಹಣದೊಳಗೆ ಚಾವಣಿ ಮುಗಿಯಿತು.

ಅಗ್ಗದ ಚಾವಣಿಯಲ್ಲೂ ಗಮನಿಸಬೇಕಾದ್ದಿದೆ. ಮೇಲ್ಭಾಗ ಹಗುರವಾಗಿರಲಿ. ನಾವು ತಗಡಿನ ಬದಲು ಫೈಬರ್ ಹಾಳೆ ಹಾಕಿಸಿದೆವು. ಕೊಳವೆಯ ಮೇಲಿನ ಬಾಯಿ ಮುಚ್ಚಿರಬೇಕು, ಬುಡದಲ್ಲಿ ನೀರು ಸೋರಿಹೋಗಲು ಸಣ್ಣ ತೂತಿರಬೇಕು. ಹಳೆಯದು ಒಳಗಿಂದ ತುಕ್ಕು ಹಿಡಿದದ್ದು ಮೇಲಿನಿಂದ ಇಳಿದ ಮಳೆನೀರು ಬುಡದಲ್ಲಿ ನಿಂತಿದ್ದರಿಂದ. ಸತು ಲೇಪಿಸಿದ ಜಿ.ಐ. ಕೊಳವೆಯಾದರೆ ಬೆಸೆಯುವಾಗ ಏಳುವ ಬಿಳಿ ಹೊಗೆಯನ್ನು ಉಸಿರಾಡಬಾರದು, ಅದು ಚಳಿಜ್ವರ ತರಿಸುತ್ತದೆ. ಕಾಲುಗಳನ್ನು ಬೋಲ್ಟಿನಿಂದ ಬಿಗಿಯಬೇಕು, ಎಳೆಯ ಸಾಲಿಗೆ ಹೋಗುವಾಗ ಬಿಚ್ಚಿಡಬಹುದು. ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚೊತ್ತಿದೆಯೇ ನೋಡಿ. ಮೊದಲ 8 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಅದು ತುಂಡಾಗದು. ಚುಕ್ಕಿಯ ನಂತರದ 8 ಎಂದರೆ ಆ ಬಲದ ಶೇಕಡ 80ರವರೆಗೆ ಶಾಶ್ವತವಾಗಿ ಹಿಗ್ಗದು. ಅಳತೆ ಕೊಡುವ ಮೊದಲು ಕೊಟ್ಟಿಗೆಯ ಬಾಗಿಲಿನ ಎತ್ತರ ಅಳೆಯುವುದನ್ನು ಮರೆಯಬೇಡಿ.

ಉಳಿದ ಹಣ ಹೋದದ್ದು ಕಣ್ಣಿಗೆ ಕಾಣದ ಕೆಲಸಗಳಿಗೆ. ಹಿಂದಿನ ಗಾಲಿಗಳ ರಿಮ್ಮನ್ನು ತಿರುಗಿಸಿ ಕೂರಿಸಿ ಗಾಲಿಗಳ ನಡುವಿನ ಅಂತರ ಅಗಲ ಮಾಡಿಸಿದೆವು. ಮುಂಭಾಗಕ್ಕೆ ತೂಕದ ಗುಂಡುಗಳನ್ನು ಹಾಕಿಸಿದೆವು. ಎಡ ಬಲ ಬ್ರೇಕಿನ ಪೆಡಲುಗಳನ್ನು ಜೋಡಿಸುವ ಕೊಂಡಿ ಸವೆದುಹೋಗಿತ್ತು, ಅದನ್ನು ಬದಲಾಯಿಸಿದೆವು. ಆ ಕೊಂಡಿ ಇಲ್ಲದೆ ರಸ್ತೆಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರಾಕ್ಟರು ಒಂದು ಪಕ್ಕಕ್ಕೆ ಗಕ್ಕನೆ ತಿರುಗಿ ಹೊರಳುತ್ತದೆ. ತೋಟಕ್ಕೆ ಇಳಿಯುವ ಕಡಿದಾದ ಜಾಗಕ್ಕೆ ಮಣ್ಣು ಹೊಡೆಸಿ ಇಳಿಜಾರು ತಗ್ಗಿಸಿದೆವು. ಎರಡು ದಿನದ ಕೆಲಸ.

ಆಮೇಲೆ ಕಟ್ಟುಪಾಡುಗಳು. ಸರಪಣಿ ಎಳೆಪಟ್ಟಿಗೆ ಮಾತ್ರ. ಕೆಸರಿನಲ್ಲಿ ಹೂತರೆ ಹಿಂದಕ್ಕೆ ತೆಗೆಯಬೇಕು. ಹಿಂದಿನ ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಹತ್ತಿಸುವ ಸಾಹಸ ಬೇಡ. ಗಾಲಿ ತಿರುಗಲು ದಿಮ್ಮಿ ಬಿಡದಿದ್ದಾಗ ಮೇಲೇಳುವುದು ಟ್ರಾಕ್ಟರಿನ ಮೂತಿ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವಂತಿಲ್ಲ. ಕೆರೆ ಏರಿಯ ಮೇಲೆ ತುಂಬಿದ ಟ್ರೈಲರ್ ಎಳೆಯುವ ಕೆಲಸ ಬಂದರೆ, ಚೌಕಟ್ಟಿರುವ ಹೊಸ ಟ್ರಾಕ್ಟರು ಪಕ್ಕದ ತೋಟದವರಲ್ಲಿದೆ, ಬಾಡಿಗೆ ಕೊಟ್ಟು ಅದನ್ನೇ ಕರೆಯುವುದು. ವರ್ಷಕ್ಕೆ ನಾಲ್ಕೈದು ಸಲದ ಮಾತು.

‘ಹಾಗಾದರೆ ನಮ್ಮ ಚಾವಣಿ ಮಗುಚಿದರೆ ಉಪಯೋಗಕ್ಕಿಲ್ಲ ಅಂತ ತಾನೆ?’ ಎಂದು ಅತ್ತಿಗೆ ನೇರವಾಗಿ ಕೇಳಿದಳು. ‘ಇಲ್ಲ’ ಎಂದ ಅಣ್ಣ. ‘ಅದು ಅವನಿಗೂ ಗೊತ್ತಿರಲಿ ಅಂತಲೇ ತೆಳ್ಳಗೆ ಮಾಡಿಸಿದ್ದು.’ ಹುಡುಗನಿಗೆ ಮೊದಲು ಮುಖ ಸಪ್ಪಗಾಗಿತ್ತು. ಈಗ ಬದುವಿನ ಅಂಚಿಗೆ ಬಂದಾಗ ತಾನಾಗಿ ಗೇರು ಇಳಿಸುತ್ತಾನೆ ಎಂದು ಅಣ್ಣ ಹೇಳಿದ.

ಹಳೆಯ ಯಂತ್ರಕ್ಕೂ ಹೊಸ ಬುದ್ಧಿ

ನಮ್ಮ ತೀರ್ಮಾನವೇ ಎಲ್ಲರಿಗೂ ಸರಿ ಎನ್ನುತ್ತಿಲ್ಲ. ಪರೀಕ್ಷೆಯಾದ ಚೌಕಟ್ಟು ದೊರೆಯುವಂತಿದ್ದರೆ ಮೂರು ಕ್ವಿಂಟಾಲ್ ಕೊಬ್ಬರಿ ಮಾರಿಯಾದರೂ ಅದನ್ನೇ ಹಾಕಿಸುತ್ತಿದ್ದೆವು. ಸ್ವೀಡನ್ ದೇಶ 1959ರಲ್ಲಿ ಹೊಸ ಟ್ರಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದೆ ಹಳೆಯ ಟ್ರಾಕ್ಟರುಗಳಿಗೂ ಅದು ಬಂದು, ಮಗುಚಿ ಸಾಯುವುದು ಅಲ್ಲಿ ಬಲು ಅಪರೂಪವಾಯಿತು. ಟ್ರಾಕ್ಟರುಗಳು ಮಗುಚುವುದೇನೂ ನಿಂತಿಲ್ಲ, ಮಗುಚಿದಾಗ ಚಾಲಕ ಉಳಿಯುತ್ತಾನೆ, ಅಷ್ಟೆ.

ಹಳೆಯ ಟ್ರಾಕ್ಟರಿನವರ ಕಷ್ಟವನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ. ಅಮೆರಿಕದ ವೃತ್ತಿ ಸುರಕ್ಷತೆಯ ಸರ್ಕಾರಿ ಸಂಶೋಧನಾ ಸಂಸ್ಥೆಯ ಎಂಜಿನಿಯರುಗಳು ಪೇಟೆಯಲ್ಲಿ ಸುಲಭವಾಗಿ ಸಿಗುವ ಉಕ್ಕಿನಿಂದ, ಬೋಲ್ಟು ಹಾಕಿ ಜೋಡಿಸಿಕೊಳ್ಳಬಹುದಾದ ಅಗ್ಗದ ಚೌಕಟ್ಟುಗಳನ್ನು ರೂಪಿಸಿ ಪರೀಕ್ಷಿಸಿದರು. ಯಾವುದಕ್ಕೆ ಗೊತ್ತೆ? ಫೋರ್ಡ್ 8ಎನ್, ಮ್ಯಾಸಿ ಫರ್ಗ್ಯುಸನ್ 135ರಂಥ ತಾತನ ಕಾಲದ ಟ್ರಾಕ್ಟರುಗಳಿಗೆ. ನ್ಯೂಯಾರ್ಕ್ ರಾಜ್ಯದಲ್ಲಿ 2006ರಿಂದ ಹಳೆಯ ಟ್ರಾಕ್ಟರಿಗೆ ಚೌಕಟ್ಟು ಹಾಕಿಸಿಕೊಂಡ ರೈತರಿಗೆ ಖರ್ಚಿನ ದೊಡ್ಡ ಪಾಲನ್ನು ಹಿಂದಿರುಗಿಸುವ ಯೋಜನೆ ಶುರುವಾಯಿತು.

ನಮ್ಮಲ್ಲೂ ಇದು ಆಗಬಾರದೇಕೆ? ಟ್ರಾಕ್ಟರುಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆ ಮಧ್ಯಪ್ರದೇಶದ ಬುದ್ನಿಯಲ್ಲಿದೆ. ಕೃಷಿ ಯಂತ್ರಗಳ ದಕ್ಷಿಣ ವಲಯದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರುವುದು ನಮ್ಮ ಪಕ್ಕದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಎಂಜಿನಿಯರಿಂಗ್, ಡಿಪ್ಲೊಮಾ ಓದುವ ಸಾವಿರಾರು ಮಕ್ಕಳು ಪ್ರತಿವರ್ಷ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ತಮ್ಮ ತಂದೆಯೇ ಓಡಿಸುವ ಹಳೆಯ ಟ್ರಾಕ್ಟರಿನ ಹಿಂದಿನ ಅಚ್ಚು ಅಳೆದು, ಅದಕ್ಕೊಂದು ಚೌಕಟ್ಟಿನ ನಕ್ಷೆ ಹಾಕಿ, ಬಾಗುವ ಬಲದ ಲೆಕ್ಕ ಮಾಡುವುದಕ್ಕಿಂತ ಒಳ್ಳೆಯ ವಿಷಯ ಯಾವುದಿದೆ? ಆದರೆ ಒಂದು ಮಾತು. ನಕ್ಷೆ ಚೆನ್ನಾಗಿದೆ ಎಂದು ನೇರವಾಗಿ ಟ್ರಾಕ್ಟರಿಗೆ ಹಾಕಿ ಮನುಷ್ಯನನ್ನು ಕೂರಿಸಬೇಡಿ. ಒತ್ತಿ, ಅದುಮಿ, ಬಾಗಿಸಿ ನೋಡಿದ ಮೇಲಷ್ಟೇ ಅದು ಚೌಕಟ್ಟು. ಅಲ್ಲಿಯವರೆಗೆ ಅದು ಬರಿಯ ಕಬ್ಬಿಣ.

ತಂದೆ ತಾಯಿಯರಿಗೆ ಹೇಳುವುದು ಇಷ್ಟೆ. ಭಾನುವಾರ ಮಗ ಟ್ರಾಕ್ಟರು ಹತ್ತುವ ಮುಂಚೆ ಒಮ್ಮೆ ಹಿಂದೆ ಹೋಗಿ ನಿಂತು ನೋಡಿ. ಸರಪಣಿ ಎಲ್ಲಿ ಕಟ್ಟಿದೆ, ಬ್ರೇಕಿನ ಕೊಂಡಿ ಹಾಕಿದೆಯೇ, ತಲೆಯ ಮೇಲಿರುವುದು ನೆರಳಿನದೋ ರಕ್ಷಣೆಯದೋ? ನೆರಳಿನದಾದರೆ ಅವನಿಗೆ ಹಾಗೆಂದು ಬಾಯಿಬಿಟ್ಟು ಹೇಳಿ. ಇಷ್ಟು ನೋಡಿ, ಹೇಳಲು ಐದು ನಿಮಿಷ ಸಾಕು.